ಅತ್ತೆಯನ್ನು ಬಿಟ್ಟುಹೋದ ತಂಬಾಕು

ಅತ್ತೆಗೆ ಲಕ್ವ ಹೊಡೆದು ಹದಿನೈದು ದಿನ ಕಳೆದಿದ್ದವು. ಮಧ್ಯಾಹ್ನ ಊಟ ಮಾಡಿಸಿ, ಬಾಯಿ ಒರೆಸಿ, ಗುಳಿಗೆ ಕೊಟ್ಟು, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟವಳು ಬಾಗಿಲಲ್ಲೇ ನಿಂತೆ. ಏನೋ ಒಂದು ನಡೆಯಬೇಕಾಗಿತ್ತು, ನಡೆದಿರಲಿಲ್ಲ. ಊಟವಾದ ಕೂಡಲೇ ಅತ್ತೆ ಎಲೆ ಕೇಳಬೇಕಾಗಿತ್ತು. ಇವತ್ತು ಕೇಳಲಿಲ್ಲ. ನಿನ್ನೆ? ನಿನ್ನೆಯೂ ಇಲ್ಲ. ನೆನಪು ಮಾಡಿಕೊಳ್ಳುತ್ತ ಹಿಂದೆ ಹಿಂದೆ ಹೋದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನದಿಂದ ಅವರು ಒಂದು ಸಲವೂ ತಂಬಾಕಿನ ಸುದ್ದಿ ತೆಗೆದಿರಲಿಲ್ಲ.

ಇದು ನನ್ನನ್ನು ಯಾಕೆ ಬಾಗಿಲಲ್ಲಿ ನಿಲ್ಲಿಸಿತು ಎಂಬುದು ತಿಳಿಯಬೇಕಾದರೆ ಅತ್ತೆ ತಂಬಾಕು ತಿನ್ನುತ್ತಿದ್ದ ರೀತಿ ಗೊತ್ತಿರಬೇಕು. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ಅವರ ಕೈ ಸೊಂಟದ ಚಂಚಿಗೆ ಹೋಗುತ್ತಿತ್ತು. ಚಂಚಿ ಎಂದರೆ ಅವರೇ ಹೊಲಿದುಕೊಂಡ ಬಟ್ಟೆಯ ಚೀಲ. ಒಂದು ಮಡಿಕೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನದರಲ್ಲಿ ತಂಬಾಕು. ದಿನಕ್ಕೆ ಎಷ್ಟು ಸಲ ಅದು ಬಿಚ್ಚುತ್ತಿತ್ತೋ ದೇವರೇ ಬಲ್ಲ. ಒಮ್ಮೆ ಶಿಗ್ಗಾವಿಗೆ ಮದುವೆಗೆ ಹೊರಟಾಗ ಚಂಚಿಯಲ್ಲಿ ತಂಬಾಕು ಮುಗಿದಿದೆ ಎಂದು ಗೊತ್ತಾಗಿ, ನಡುದಾರಿಯಲ್ಲಿ ಬಸ್ಸಿನಿಂದ ಇಳಿದುಬಿಟ್ಟಿದ್ದರು. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಬಾಯಿ ತುಂಬ ಎಲೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಬಂದರು. ಅಷ್ಟರಲ್ಲಿ ಅಕ್ಷತೆ ಬಿದ್ದಿತ್ತು.

ನನ್ನ ತವರು ಹಿರೇಕೆರೂರು ತಾಲೂಕಿನ ಹಂಸಭಾವಿ. ನಮ್ಮಲ್ಲಿ ಎಲೆ ಅಡಿಕೆ ಎಂದರೆ ಹಬ್ಬದ ದಿನದ ತಾಂಬೂಲ, ಅಷ್ಟೇ. ಹಾನಗಲ್ಲಿಗೆ ಸೊಸೆಯಾಗಿ ಬಂದಾಗ ಹಿತ್ತಲಿನ ಗೋಡೆಯ ಕೆಂಪು ಕಲೆಗಳನ್ನು ನೋಡಿ ನನಗೆ ಹೇಸಿಗೆಯಾಗಿತ್ತು. ಮೇಲಾಗಿ ನಾನು ವಿಜ್ಞಾನ ಕಲಿಸುವವಳು. ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ದಿನಾಲು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರತಿ ವರ್ಷ ಮಕ್ಕಳಿಗೆ ಕರಿಹಲಗೆಯ ಮೇಲೆ ಮಿದುಳಿನ ಚಿತ್ರ ಬರೆದು ಹೇಳುತ್ತೇನೆ: ಮಿದುಳಿನ ಕೋಶಗಳ ಮೇಲೆ ಬೀಗಗಳಂಥವು ಇರುತ್ತವೆ, ಮಿದುಳು ತನ್ನದೇ ಕೀಲಿಗಳಿಂದ ಅವನ್ನು ತೆಗೆಯುತ್ತದೆ, ತಂಬಾಕಿನಲ್ಲಿರುವ ನಿಕೋಟಿನ್ ಕಳ್ಳಕೀಲಿಯ ಹಾಗೆ ಅದೇ ಬೀಗಕ್ಕೆ ಕೂರುತ್ತದೆ. ಆಗ ಹಿತವೆನಿಸುತ್ತದೆ. ಕಳ್ಳಕೀಲಿ ದಿನಾ ಬರತೊಡಗಿದರೆ ಮಿದುಳು ಇನ್ನಷ್ಟು ಬೀಗ ಮಾಡಿಕೊಳ್ಳುತ್ತದೆ. ಕೀಲಿ ಬಾರದ ದಿನ ಆ ಬೀಗಗಳೆಲ್ಲ ಖಾಲಿ ಕುಳಿತು ಗೋಳಾಡುತ್ತವೆ.

ಮಕ್ಕಳು ಬರೆದುಕೊಳ್ಳುತ್ತಿದ್ದರು. ಅತ್ತೆಗೆ ಅದನ್ನೇ ಹೇಳಿದರೆ, "ನಿಮ್ಮ ಸಾಲಿ ನಿಮ್ಮ ಸಾಲ್ಯಾಗ ಇರಲಿ ಬೇ" ಎನ್ನುತ್ತಿದ್ದರು.

ಒಂದೇ ಒಂದು ಸಲ, ನನ್ನ ಬಾಣಂತನದ ನಂತರ, ಮೊಮ್ಮಗಳಿಗೆ ಮುತ್ತು ಕೊಡಲು ನಾನು ಬಿಡುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ ಅವರು ತಂಬಾಕು ಬಿಡಲು ನೋಡಿದ್ದರು. ಮೂರು ದಿನ. ಮೊದಲ ದಿನ ತಲೆ ಹಿಡಿದುಕೊಂಡು ಕುಳಿತರು. ಎರಡನೆಯ ದಿನ ಕೌದಿ ಹೊಲಿಯಲು ಕುಳಿತರೆ ಸೂಜಿಗೆ ದಾರ ಪೋಣಿಸಲು ಬರಲಿಲ್ಲ. ಊರಿನ ಅರ್ಧ ಮನೆಗಳಿಗೆ ಕೌದಿ ಹೊಲಿದುಕೊಟ್ಟ ಕೈ ಅದು. ಮೂರನೆಯ ದಿನ ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ತಾಟನ್ನು ಗೋಡೆಗೆ ಒಗೆದರು, ಆಮೇಲೆ ಸೆರಗು ಮುಖಕ್ಕೆ ಹಿಡಿದು ಅತ್ತರು. ಸಂಜೆ ನಾನೇ ಚಂಚಿ ತಂದು ಕೈಗೆ ಕೊಟ್ಟೆ. ಮತ್ತೆ ಆ ಮಾತು ಎತ್ತಲಿಲ್ಲ.

ಅಂಥವರು ಈಗ ಹದಿನೈದು ದಿನ ಕೇಳಿರಲಿಲ್ಲ. ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು, ಆದರೆ ಬೇಕಾದದ್ದನ್ನೆಲ್ಲ ಕೇಳುತ್ತಿದ್ದರು. ಚಹಾ ಬೇಕು, ಕೆಂಪು ಖಾರದ ಚಟ್ನಿ ಬೇಕು, ಸಂಜೆಯ ಧಾರಾವಾಹಿ ಹಚ್ಚಬೇಕು. ಚಂಚಿ ಮಾತ್ರ ಅವರ ಹಾಸಿಗೆಯ ಎದುರಿನ ಗೂಟಕ್ಕೇ ತೂಗುತ್ತಿತ್ತು. ಅತ್ತೆಯ ಕಣ್ಣು ಅದರ ಮೇಲೆ ಹೋಗುತ್ತಿತ್ತು, ಬರುತ್ತಿತ್ತು, ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದಷ್ಟೇ ನಿರಾಳವಾಗಿ.

ಒಳ್ಳೆಯ ಸೊಸೆಯಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನನ್ನಿಂದ ಆಗಲಿಲ್ಲ. ಮರುದಿನ ಚಂಚಿಯನ್ನು ಗೂಟದಿಂದ ತೆಗೆದು, ಒಳಗಿನ ಮಡಿಕೆ ಬಿಚ್ಚಿ, ಅವರ ಮೂಗಿನ ಹತ್ತಿರ ಹಿಡಿದೆ.

"ಅತ್ತಿ, ಇದು ಬೇಕೇನ್ರಿ?"

ಅವರು ಮೂಸಿದರು. ಹುಬ್ಬು ಗಂಟಿಕ್ಕಲಿಲ್ಲ, ಬಾಯಲ್ಲಿ ನೀರೂ ಬರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಒಂದೊಂದೇ ಅಕ್ಷರ ಹುಡುಕಿ ಹೇಳಿದರು: "ಬ್ಯಾಡ. ಯಾಕ ಬೇಕು?"

ಆ "ಯಾಕ ಬೇಕು" ಎಂಬುದು ಸಿಟ್ಟಿನ ಮಾತಾಗಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ತಿಂಗಳ ನಂತರ ಹುಬ್ಬಳ್ಳಿಗೆ ತೋರಿಸಲು ಹೋದಾಗ ನಾನು ಡಾಕ್ಟರನ್ನು ಮೊದಲು ಕೇಳಿದ್ದು ಇದನ್ನೇ. ಕೈ ಯಾವಾಗ ಸುಧಾರಿಸುತ್ತದೆ ಎಂದು ಕೇಳಬೇಕಾಗಿದ್ದ ನನ್ನ ಗಂಡ ನನ್ನ ಮುಖ ನೋಡಿದರು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಪ್ರಶ್ನೆ ಕೇಳಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅತ್ತೆಯ ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆಗೆದು, ಮಿದುಳಿನ ಎಡಭಾಗದಲ್ಲಿ ಮಬ್ಬಾದ ಒಂದು ಜಾಗಕ್ಕೆ ಪೆನ್ನಿನ ತುದಿ ಇಟ್ಟರು.

"ಇದು ಮೇಲಿಂದ ಕಾಣೂದಿಲ್ರಿ ಮೇಡಂ. ಕಿವಿ ಮ್ಯಾಗಿನ ಮಡಿಕಿ ಸರಿಸಿದ್ರ ಒಳಗ ಇರತೈತಿ. ಇನ್ಸುಲಾ ಅಂತಾರ. ಮೈಯೊಳಗಿನ ಸುದ್ದಿ ಎಲ್ಲಾ ಇಲ್ಲಿಗೆ ಬರತಾವು. ನೀರಡಿಕಿ, ಹೊಟ್ಟಿ ತೊಳಸೂದು, ಎದಿ ಬಡಕೊಳ್ಳೂದು, ರುಚಿ. ತಂಬಾಕ ಬೇಕು ಅಂತ ಮೈ ಕೇಳತೈತಲ್ಲ, ಅದು ಗೊತ್ತಾಗೂದೂ ಇಲ್ಲೇ ಅಂತಾರ. ಇಲ್ಲಿ ಪೆಟ್ಟು ಬಿದ್ದಾವರೊಳಗ ಕೆಲವರಿಗೆ ಚಟ ತಾನೇ ಹೋಗಿಬಿಡತೈತಿ. ಎಲ್ಲಾರಿಗೂ ಅಲ್ಲ. ನಿಮ್ಮ ಅತ್ತಿಯವರಿಗೆ ಅದ ಆಗೇತಿ ಅಂತ ನಾ ಗ್ಯಾರಂಟಿ ಹೇಳಾಂಗಿಲ್ಲ, ಆದ್ರ ಆಗಿರಬಹುದು."

ಅತ್ತೆ ಗಾಲಿಕುರ್ಚಿಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದರು. ಚಿತ್ರದ ಕಡೆ ಬೆರಳು ತೋರಿಸಿ, "ಇದು ನಂದನ?" ಎಂದರು. ಹೌದೆಂದ ಮೇಲೆ ಬಹಳ ಹೊತ್ತು ನೋಡಿದರು. ಬಸ್ಸಿನಲ್ಲಿ ಬರುವಾಗ ನಾನು ಇನ್ಸುಲಾ ಎಂದರೆ ನಡುಗಡ್ಡೆ ಎಂದು ಅರ್ಥ ಎಂದು ಹೇಳಿದೆ.

"ತಲಿಯೊಳಗ ನಡುಗಡ್ಡಿ?"

"ಹೂಂನ್ರಿ."

"ಅದು ಮುಳುಗಿ ಹೋತೇನು?"

ಸ್ವಲ್ಪ ಮುಳುಗಿರಬಹುದು ಎಂದೆ. ತಿಂಗಳಿನಿಂದ ಯಾವ ಪಲ್ಯ ಮಾಡಿದರೂ ಉಪ್ಪು ಕಡಿಮೆ ಎನ್ನುತ್ತಿದ್ದರಲ್ಲ, ಅದಕ್ಕೂ ಇದೇ ಕಾರಣವಿರಬಹುದು ಎಂದು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ, ಮಾತು ಹುಡುಕುತ್ತ, ತಾವಾಗಿಯೇ ಹೇಳಿದರು: "ಮೊದಲ ಯಾರೋ ಒಳಗಿಂದ ಹೆಸರ ಹಿಡದ ಕರದಂಗ ಆಕ್ಕಿತ್ತು. ಈಗ ಯಾರೂ ಕರಿಯೂದಿಲ್ಲ."

ಇಷ್ಟರ ತನಕ ಇದು ನನಗೊಂದು ಸೋಜಿಗದ ಸಂಗತಿಯಾಗಿತ್ತು. ಅದು ಒಬ್ಬರ ಮನಸ್ಸು ನೋಯಿಸುವ ಸಂಗತಿಯೂ ಆಗಬಹುದೆಂದು ತಿಳಿದದ್ದು ಚಾಚಿ ಬಂದಾಗ.

ಚಾಚಿ ಸವಣೂರಿನವರು. ನಮ್ಮ ಮನೆಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಹಾಗೆಯೇ ಕರೆಯುವುದು. ಅವರ ಮನೆತನದ್ದು ಎಲೆಯ ವ್ಯಾಪಾರ. ಸವಣೂರಿನ ಎಳೆಯ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ, ಹಾನಗಲ್ಲಿನ ಸಂತೆಗೆ ಮೂವತ್ತು ವರ್ಷದಿಂದ ಬರುತ್ತಿದ್ದಾರೆ. ಸಂತೆ ಮುಗಿಸಿ ಊರಿಗೆ ಹೊರಡುವ ಮೊದಲು ನಮ್ಮ ಕಟ್ಟೆಯ ಮೇಲೆ ಅತ್ತೆಯ ಜೊತೆ ಒಂದು ತಾಸು ಕೂರುವುದು ರೂಢಿ. ಬುಟ್ಟಿಯ ತಳದಿಂದ ಅತ್ತೆಗೆಂದೇ ತೆಗೆದಿಟ್ಟ ಎಲೆ ಹೊರಬರುತ್ತಿತ್ತು, ಅತ್ತೆಯ ಸೊಂಟದಿಂದ ಚಂಚಿ ಬರುತ್ತಿತ್ತು. ಒಬ್ಬರು ಸುಣ್ಣ ಹಚ್ಚಿದರೆ ಒಬ್ಬರು ತಂಬಾಕು ತಿಕ್ಕುತ್ತಿದ್ದರು. ಮಗಳ ಮದುವೆ, ಮಗನ ಜಗಳ, ಮೊಣಕಾಲಿನ ನೋವು, ಎಲ್ಲ ಆ ಎಲೆಯ ಜೊತೆಯೇ ಅಗಿದು ಹೋಗುತ್ತಿತ್ತು.

ಲಕ್ವದ ಸುದ್ದಿ ಕೇಳಿ ಚಾಚಿ ಆಸ್ಪತ್ರೆಗೂ ಬಂದು ಅತ್ತು ಹೋಗಿದ್ದರು. ಅತ್ತೆ ಎದ್ದು ಕಟ್ಟೆಗೆ ಬಂದು ಕೂರುವಷ್ಟಾದ ಮೇಲೆ, ಒಂದು ಸಂತೆಯ ದಿನ, ಎಂದಿನಂತೆ ಎಲೆ ತೆಗೆದು ಸುಣ್ಣ ಹಚ್ಚಿ ತಂಬಾಕಿಟ್ಟು ಮಡಚಿ ಅತ್ತೆಯ ಎಡಗೈಗೆ ಕೊಟ್ಟರು.

"ಬ್ಯಾಡ ಯವ್ವಾ. ನೀ ತಿನ್ನು."

ಚಾಚಿ ನಕ್ಕರು. ಅತ್ತೆ ನಗಲಿಲ್ಲ. ಮಡಚಿದ ಎಲೆ ಚಾಚಿಯ ಕೈಯಲ್ಲೇ ಉಳಿಯಿತು. ಆ ದಿನ ಅರ್ಧ ತಾಸಿಗೇ ಎದ್ದರು. ಹೋಗುವಾಗ ನನ್ನನ್ನು ಬಾಗಿಲ ಹೊರಗೆ ಕರೆದರು. ಶಾಲೆಯಲ್ಲಿ ಕಲಿಸುವವಳೆಂದು ಅವರಿಗೆ ನಾನು ಅಕ್ಕೋರು.

"ಅಕ್ಕೋರ, ನೀವ ಬಿಡಿಸೀರಿ ಹೌದಿಲ್ಲೋ? ಖರೇ ಹೇಳ್ರಿ."

"ನಾ ಏನೂ ಮಾಡಿಲ್ರಿ ಚಾಚಿ. ಅವರಿಗೇ ಬ್ಯಾಡಾಗೇತಿ."

"ನಲವತ್ತ ವರ್ಷ ತಿಂದಾಕಿ. ತಾನ ಬ್ಯಾಡ ಅಂತಾಳ ಅಂದ್ರ ಯಾರ ನಂಬ್ತಾರ್ರಿ? ಹೆದರಿಸೀರಿ ಆಕೀನ್ನ. ಸಾಲಿ ಕಲಿತಾವರು ನೀವು, ಏನೋ ಹೇಳಿ ಹೆದರಿಸೀರಿ."

ನಾನು ನಡುಗಡ್ಡೆಯ ಕಥೆ ಹೇಳಲು ಹೋದೆ. ಅದು ನನಗೇ ಸುಳ್ಳಿನಂತೆ ಕೇಳಿಸಿತು. ಚಾಚಿ ಪೂರ್ತಿ ಕೇಳದೆ ಬುಟ್ಟಿ ಎತ್ತಿಕೊಂಡರು. ಮುಂದಿನ ಸಂತೆಗಳಲ್ಲಿ ಬಂದರೂ ನಿಂತೇ ಮಾತಾಡಿಸಿ ಹೋದರು, ಆಮೇಲೆ ಒಂದೆರಡು ಸಲ ಬರಲೇ ಇಲ್ಲ. ಅತ್ತೆ ಕಟ್ಟೆಯ ಮೇಲೆ ಕುಳಿತು ಬಸ್‌ಸ್ಟ್ಯಾಂಡಿನ ದಾರಿ ನೋಡುತ್ತಿದ್ದರು. "ಎಲಿ ತಿಂದರಷ್ಟ ಗೆಳೆತನ ಏನು?" ಎಂದು ನನ್ನನ್ನೇ ಕೇಳಿದರು.

ಮಳೆಗಾಲ ಕಳೆದು ಗದ್ದೆಯ ಭತ್ತ ಹಳದಿಗೆ ತಿರುಗುವ ಹೊತ್ತಿಗೆ ಚಾಚಿ ಮತ್ತೆ ಬಂದರು. ಬುಟ್ಟಿ ಇರಲಿಲ್ಲ. ಕಟ್ಟೆಯ ಮೇಲೆ ಕೂರದೆ ಒಳಗೆ ಬಂದು ಪಡಸಾಲೆಯಲ್ಲಿ ಕುಳಿತರು. ಕೆಳತುಟಿಯನ್ನು ಬೆರಳಿನಿಂದ ಮಡಚಿ ತೋರಿಸಿದರು. ತಂಬಾಕು ಇಟ್ಟುಕೊಳ್ಳುವ ಜಾಗದಲ್ಲಿ ಬೆರಳ ಉಗುರಿನಷ್ಟು ಬಿಳಿ ಮಚ್ಚೆ.

"ಹಲ್ಲಿನ ಡಾಕ್ಟರ್ ನೋಡಿದ್ರು. ಈಗ ಬಿಟ್ರ ಏನೂ ಆಗಲಿಕ್ಕಿಲ್ಲ, ಬಿಡದಿದ್ರ ಹೇಳಾಕ ಬರೂದಿಲ್ಲ ಅಂದ್ರು. ಬಿಡಾಕ ನೋಡಿದ್ನಿ. ಆಗವಲ್ದು." ಅತ್ತೆಯ ಕಡೆ ತಿರುಗಿದರು. "ಅಕ್ಕಾ, ನೀ ಹೆಂಗ ಬಿಟ್ಟಿ? ಅದನ್ನ ಕೇಳಾಕ ಬಂದೇನಿ."

ಅತ್ತೆ ಹೇಳಿದರು: "ನಾ ಏನೂ ಮಾಡ್ಲಿಲ್ಲ. ಬಿಟ್ಟಬಿಡು. ಅದರಾಗ ಏನೈತಿ?"

ಚಾಚಿಯ ಮುಖ ಸಣ್ಣದಾಯಿತು. "ಅದರಾಗ ಏನೈತಿ ಅಂತೀಯಲ್ಲ ಅಕ್ಕಾ. ಎಲಿ ಎಣಸಾಕ ಕುಂತ್ರ ಇಪ್ಪತ್ತಕ್ಕ ಮುಂದ ಲೆಕ್ಕ ತಪ್ಪಾಕತ್ತೈತಿ. ಸೊಸಿ ಮ್ಯಾಲ ಕೈ ಎತ್ತಿದ್ನಿ ಮೊನ್ನಿ. ನಿನಗ ಗೊತ್ತಿಲ್ಲೇನು ಅದು?"

"ಏನ ಗೊತ್ತು? ಬ್ಯಾಡ ಅಂದ್ರ ಬ್ಯಾಡ."

ಚಾಚಿ ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು.

ಆ ಸಂಜೆ ನಾನು ಅತ್ತೆಯ ಹತ್ತಿರ ಕುಳಿತು, ಅವರು ತಂಬಾಕು ಬಿಡಲು ಹೋಗಿ ಪಟ್ಟ ಮೂರು ದಿನದ ಪಾಡನ್ನು ನೆನಪಿಸಿದೆ. ಗೋಡೆಗೆ ಬಡಿದ ತಾಟು, ಸೂಜಿಯ ದಾರ, ಅಳು. ಅವರಿಗೆ ಎಲ್ಲ ನೆನಪಿತ್ತು. ಅಂದಿನ ಪಲ್ಯ ಯಾವುದೆಂಬುದೂ ನೆನಪಿತ್ತು.

"ತಾಟ ಒಗದದ್ದು ಗೊತ್ತೈತಿ," ಎಂದರು. "ಯಾಕ ಒಗದ್ನಿ ಅನ್ನೂದು ತಿಳಿವಲ್ದು. ಯಾರದೋ ಕಥಿ ಕೇಳಿದಂಗ ಆಗತೈತಿ."

ನಾನು ಚಕಿತಳಾದೆ. ಬಯಕೆಯೊಂದು ಹೋದರೆ, ಅದು ಇದ್ದಾಗ ಹೇಗಿತ್ತೆಂಬುದೂ ಅದರ ಜೊತೆಗೇ ಹೋಗುತ್ತದೆಯೇ? ಹಾಗಾದರೆ ಇಷ್ಟು ವರ್ಷ ತಂಬಾಕು ಬಿಡಿ ಎಂದು ಅತ್ತೆಗೆ ಪಾಠ ಹೇಳಿದ ನಾನು ಯಾರು? ನನಗಂತೂ ಆ ಬಯಕೆ ಎಂದೂ ಇರಲಿಲ್ಲ. ಬೀಗ, ಕೀಲಿ ಎಂದು ಹಲಗೆಯ ಮೇಲೆ ಬರೆದಿದ್ದೆ, ಅಷ್ಟೇ.

ನನಗಿದ್ದ ಚಟವೆಂದರೆ ಚಹಾ. ದಿನಕ್ಕೆ ಐದಾರು ಸಲ. ಅದನ್ನಾದರೂ ಬಿಟ್ಟು ನೋಡೋಣವೆಂದು, ಯಾರಿಗೂ ಹೇಳದೆ, ಒಂದು ಸೋಮವಾರ ನಿಲ್ಲಿಸಿದೆ. ಮಧ್ಯಾಹ್ನ ನಾಲ್ಕನೆಯ ಪಿರಿಯಡ್ಡಿನ ಹೊತ್ತಿಗೆ ಕಣ್ಣಿನ ಹಿಂದೆ ನೋವು ಶುರುವಾಯಿತು. ಮಂಗಳವಾರ ತಲೆಗೆ ಯಾರೋ ಹಗ್ಗ ಬಿಗಿದಂತಿತ್ತು. ಯಾಕೆಂದು ನನಗೆ ಗೊತ್ತಿತ್ತು: ದಣಿವಿನ ಸುದ್ದಿ ಮುಟ್ಟಿಸುವ ಬಾಗಿಲಿಗೆ ಚಹಾದಲ್ಲಿನ ಕೆಫೀನ್ ಇಷ್ಟು ದಿನ ಅಡ್ಡ ನಿಂತಿತ್ತು, ಈಗ ಸುದ್ದಿಯೆಲ್ಲ ಒಮ್ಮೆಲೇ ನುಗ್ಗುತ್ತಿತ್ತು, ರಕ್ತನಾಳಗಳು ಹಿಗ್ಗುತ್ತಿದ್ದವು. ಗೊತ್ತಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಹೆಚ್ಚು ಆಶ್ಚರ್ಯವಾದದ್ದು ಬೇರೆ. ಮಂಗಳವಾರ ಸಂಜೆಗೆ ನನ್ನ ತಲೆ ವಕೀಲಿ ಶುರು ಮಾಡಿತ್ತು. ಅರ್ಧ ಕಪ್ಪು ಕುಡಿದರೆ ಲೆಕ್ಕಕ್ಕಿಲ್ಲ, ಇದು ಪ್ರಯೋಗ ತಾನೇ, ಇಷ್ಟು ತಿಳಿದದ್ದು ಸಾಕಲ್ಲ, ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ. ಒಂದೊಂದು ವಾದವೂ ನನ್ನದೇ ದನಿಯಲ್ಲಿ, ನಾನೇ ಯೋಚಿಸಿದಂತೆ ಬರುತ್ತಿತ್ತು. ಬುಧವಾರ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಕಪ್ಪು ಮುಂದಿಟ್ಟರು. ಕುಡಿದುಬಿಟ್ಟೆ. ಕುಡಿದು ಅರ್ಧ ತಾಸಿಗೆ ಲೋಕ ಸರಿಹೋಯಿತು.

ಮೂರು ದಿನವೂ ಆಗಿರಲಿಲ್ಲ. ಅತ್ತೆ ನನಗಿಂತ ಹೆಚ್ಚು ತಡೆದುಕೊಂಡಿದ್ದರು. ಅದೂ ತಂಬಾಕನ್ನು.

ಅವರಿಗೆ ಇದನ್ನು ಹೇಳಿದೆ. ಅವರು ನಕ್ಕರು, ಬಾಯಿಯ ಎಡಮೂಲೆ ಮಾತ್ರ ಮೇಲೇರಿತು. ಆಮೇಲೆ, "ಬರೂ ಐತವಾರ ಸವಣೂರಿಗೆ ಹೋಗೂಣು," ಎಂದರು.

ನನ್ನ ಗಂಡ ಬಾಡಿಗೆ ಕಾರು ಮಾಡಿಕೊಟ್ಟರು. ಚಾಚಿಯ ಮನೆಯಲ್ಲಿ ಹೆಜ್ಜೆಗೊಂದು ಎಲೆಯ ಬುಟ್ಟಿ, ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ತಂಬಾಕಿನ ಪೊಟ್ಟಣ, ಚಾಚಿಯ ಮಗನ ಜೇಬಿನಲ್ಲಿ ಒಂದು, ಅಡುಗೆಮನೆಯ ಕಿಟಕಿಯಲ್ಲಿ ಇನ್ನೊಂದು. ಅತ್ತೆ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಒಂದು ಸುತ್ತು ನೋಡಿದರು.

"ಇಲ್ಲಿ ಕುಂತ ಯಾರ ಬಿಡ್ತಾರ?" ಎಂದರು. "ನಮ್ಮ ಮನಿಗೆ ನಡಿ. ಎಂಟ ದಿನ ಇದ್ದ ಬಾ."

"ವ್ಯಾಪಾರ ಯಾರ ನೋಡ್ತಾರ ಅಕ್ಕಾ?"

"ಸೊಸಿ ನೋಡ್ತಾಳ. ಆಕಿ ಮ್ಯಾಲ ಕೈ ಎತ್ತೂಕಿಂತ ಅದು ಚಲೋ."

ಚಾಚಿಯ ಸೊಸೆ ಬಾಗಿಲ ಹಿಂದಿನಿಂದಲೇ, "ಹೋಗ್ರಿ ಅಮ್ಮಿ, ನಾ ನೋಡ್ತೇನಿ," ಎಂದಳು. ಚಾಚಿ ಎದ್ದು ಎರಡು ಸೀರೆ ಒಂದು ಚೀಲಕ್ಕೆ ಹಾಕಿಕೊಂಡರು.

ಮರಳಿ ಬರುವಾಗ ಅತ್ತೆ ಚಾಚಿಗೆ ಹೇಳಿದ ಮಾತು ನನಗೆ ಮುಂದಿನ ಸೀಟಿಗೂ ಕೇಳಿಸಿತು. ತೊದಲು ಹಾಗೇ ಇತ್ತು, ಅದಕ್ಕೆ ನಿಧಾನವಾಗಿ ಹೇಳಿದರು: "ಅವತ್ತ ತಪ್ಪ ಮಾತಾಡಿದ್ನಿ. ನಾ ಬಿಟ್ಟದ್ದು ನನ್ನ ಶಾಣ್ಯಾತನ ಅಲ್ಲ. ತಲಿಯೊಳಗ ರಕ್ತ ಕಟ್ಟಿ ಅದು ತಾನ ಬಿಟ್ಟಿತು. ನೀ ಬಿಟ್ಟರ ಅದು ನಿಂದು."

ಮನೆಗೆ ಬಂದ ಕೂಡಲೇ ನಾನು ಗೂಟದ ಮೇಲಿನ ಚಂಚಿಯನ್ನು ತೆಗೆದು ಶಾಲೆಯ ಬ್ಯಾಗಿನಲ್ಲಿ ಹಾಕಿಕೊಂಡೆ. ಅದನ್ನು ನೋಡಿದರೇ ಚಾಚಿಯ ಮಿದುಳಿನ ಬೀಗಗಳು ಅಲುಗಾಡುತ್ತವೆಂದು ನನಗೆ ಗೊತ್ತಿತ್ತು. ಎಲೆಯೂ ಇರಲಿಲ್ಲ, ಕಟ್ಟೆಯ ಮೇಲೆ ಕೂರುವುದೂ ಬೇಡವೆಂದೆ. ಇಬ್ಬರೂ ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿಕೊಂಡರು.

ಆ ವಾರ ದಸರೆಯ ರಜೆ, ನಾನು ಮನೆಯಲ್ಲೇ ಇದ್ದೆ. ಚಾಚಿಗೆ ನನ್ನ ಕೈಗಡಿಯಾರ ಕೊಟ್ಟಿದ್ದೆ. ತಂಬಾಕು ಬೇಕೆನಿಸಿದ ಕೂಡಲೇ ಮುಳ್ಳು ನೋಡಬೇಕು, ಅದು ಇಳಿದಾಗ ಮತ್ತೆ ನೋಡಬೇಕು. ಚಾಚಿ ಇದನ್ನು ಮೊದಲು ತಮಾಷೆ ಎಂದುಕೊಂಡರು. ಮೊದಲ ದಿನ ಸಂಜೆ ಗಂಭೀರವಾಗಿ ಬಂದು ವರದಿ ಕೊಟ್ಟರು: "ಅಕ್ಕೋರ, ನಾ ಇಡೀ ದಿನ ಬೇಕ ಬೇಕ ಅಂತೈತಿ ಅಂತ ತಿಳದಿದ್ನಿ. ಹಂಗಿಲ್ರಿ. ಬರತೈತಿ, ಆರೇಳ ನಿಮಿಷ ಇರತೈತಿ, ಹೋಗತೈತಿ. ಮತ್ತ ಬರತೈತಿ." ಹಲಗೆಯ ಮೇಲೆ ಇಷ್ಟು ವರ್ಷ ಬೀಗದ ಚಿತ್ರ ಬರೆದ ನನಗೆ ಇದು ಗೊತ್ತಿರಲಿಲ್ಲ. ಆ ಆರೇಳು ನಿಮಿಷ ದಾಟಿಸುವುದು ಅತ್ತೆಯ ಕೆಲಸವಾಯಿತು. ಅರ್ಧ ಹೊಲಿದು ನಿಂತಿದ್ದ ಕೌದಿಯೊಂದನ್ನು ಹೊರತೆಗೆಸಿದರು. ಅವರ ಬಲಗೈಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ, ಅದಕ್ಕೆ ಚಾಚಿ ಹೊಲಿಯಬೇಕು, ಅತ್ತೆ ಎಡಗೈ ಬೆರಳಿನಿಂದ ಎಲ್ಲಿ ಹಾಕಬೇಕೆಂದು ತೋರಿಸಬೇಕು. ಚಾಚಿಗೆ ಹೊಲಿಗೆ ಬರುತ್ತಿರಲಿಲ್ಲ. "ಇದೇನ ಹೊಲಿಗಿ, ಕೋಳಿ ಕೆದರಿದಂಗ," ಎಂದು ಅತ್ತೆ ಬಯ್ಯುತ್ತಿದ್ದರು. ಚಾಚಿ ತಿರುಗಿ ಬಯ್ಯುತ್ತಿದ್ದರು. ಬಯ್ಯುತ್ತ ಬಯ್ಯುತ್ತ ಮುಳ್ಳು ಮುಂದೆ ಹೋಗಿರುತ್ತಿತ್ತು.

ಮೂರನೆಯ ದಿನ ಬಹಳ ಕೆಟ್ಟದಾಗಿತ್ತು. ಚಾಚಿ ಕೂರಲಾರದೆ ಹಿತ್ತಲಲ್ಲಿ ಅತ್ತಿಂದಿತ್ತ ತಿರುಗಿದರು, ನನ್ನ ಮಗಳು ಏನೋ ಕೇಳಿದ್ದಕ್ಕೆ ಗದರಿದರು, ಆಮೇಲೆ ಅವಳ ತಲೆ ನೇವರಿಸಿ ಕಣ್ಣೀರು ಹಾಕಿದರು. ನಾಲ್ಕನೆಯ ದಿನ ಮಧ್ಯಾಹ್ನ ನಾನು ಬಟ್ಟೆ ಒಣಗಿಸುತ್ತಿದ್ದಾಗ ಕಾಣೆಯಾದರು. ಬಸ್‌ಸ್ಟ್ಯಾಂಡಿನ ಅಂಗಡಿಯತ್ತ ಹೋಗಿದ್ದರೆಂದು ಹೇಳಲು ಯಾರೂ ಬೇಕಾಗಿರಲಿಲ್ಲ. ಒಂದು ತಾಸಿನ ಮೇಲೆ ಬಾಯಿ ತೊಳೆದುಕೊಂಡು ಬಂದು ಅತ್ತೆಯ ಪಕ್ಕ ಕುಳಿತರು. ವಾಸನೆ ನನಗೇ ಬಡಿಯಿತು.

ಅತ್ತೆ ಏನೆನ್ನುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ಕೌದಿಯ ಅಂಚನ್ನು ಚಾಚಿಯ ಮಡಿಲಿಗೆ ಸರಿಸಿದರು. "ಎಷ್ಟ ತಿಂದಿ?"

"ಒಂದ ಸಲ."

"ರುಚಿ ಇತ್ತೇನು?"

ಚಾಚಿ ಯೋಚಿಸಿದರು. "ಮೊದಲಿನಷ್ಟ ಇರಲಿಲ್ಲ ಅಕ್ಕಾ. ತಲಿ ತಿರುಗಿತು."

"ಹಂಗಾರ ನಾಳಿಂದ ಮತ್ತ ಎಣಸು," ಎಂದರು ಅತ್ತೆ. ಅಷ್ಟೇ. ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ. ಆ ಬಯಕೆ ಏನೆಂಬುದೇ ಗೊತ್ತಾಗದ ಹೆಂಗಸು, ಗೊತ್ತಿರುವವಳ ಮಾತನ್ನು ಹಾಗೇ ನಂಬಿ ಕುಳಿತಿದ್ದರು. ವರ್ಷಗಟ್ಟಲೆ ನಾನು ಅತ್ತೆಯ ವಿಷಯದಲ್ಲಿ ಮಾಡಲಾಗದೆ ಹೋದದ್ದು ಅದೇ ಎಂದು ಅನ್ನಿಸಿ ನನಗೆ ನಾಚಿಕೆಯಾಯಿತು.

ಎಂಟು ದಿನಕ್ಕೆಂದು ಬಂದ ಚಾಚಿ ಹದಿಮೂರು ದಿನ ಇದ್ದರು. ಊರಿಗೆ ಹೋದ ಮೇಲೆ ಎರಡು ಸಲ ಜಾರಿದರು. ಒಮ್ಮೆ ಸಂಬಂಧಿಕರ ಮದುವೆಯಲ್ಲಿ, ಒಮ್ಮೆ ಯಾವ ಕಾರಣವೂ ಇಲ್ಲದೆ. ಎರಡು ಸಲವೂ ಫೋನು ಮಾಡಿ ಅತ್ತೆಗೆ ಹೇಳಿದರು, ಅತ್ತೆ ಮೊದಲಿಂದ ಎಣಿಸು ಎಂದರು. ಈಗ ಒಂದು ವರ್ಷದ ಮೇಲಾಯಿತು, ಮುಟ್ಟಿಲ್ಲ. ಡಾಕ್ಟರು ಅಡಿಕೆಯೂ ಬೇಡ ಎಂದಿದ್ದಾರೆ. ಬರಿಯ ಎಲೆಗೆ ನಾಲ್ಕು ಕಾಳು ಬಡೇಸೋಪು ಹಾಕಿ ಅಗಿಯುತ್ತಾರೆ. ತುಟಿಯೊಳಗಿನ ಮಚ್ಚೆ ತೆಳುವಾಗಿದೆ, ಪೂರ್ತಿ ಹೋಗಿಲ್ಲ, ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಎಲೆಯ ವ್ಯಾಪಾರ ಬಿಟ್ಟಿಲ್ಲ. ಸಂತೆಯ ದಿನ ಬುಟ್ಟಿಯ ತಳದಿಂದ ಈಗ ಅತ್ತೆಗೆ ತಿನ್ನಲು ಸವಣೂರಿನ ಕುರುಕಲು ಖಾರಾ ಬರುತ್ತದೆ. ಅತ್ತೆ ಅದಕ್ಕೂ ಉಪ್ಪು ಸಾಲದು ಎನ್ನುತ್ತಾರೆ.

ಶಾಲೆಯಲ್ಲಿ ಈಗಲೂ ಬೀಗ ಕೀಲಿಯ ಚಿತ್ರ ಬರೆಯುತ್ತೇನೆ. ಆದರೆ ಬರೆದು ಮುಗಿಸಿದ ಮೇಲೆ ಮಕ್ಕಳಿಗೆ, ನಿಮ್ಮ ಮನೆಯಲ್ಲಿ ತಿನ್ನುವವರಿದ್ದರೆ ಬಿಡಿ ಎಂದು ಹೇಳುವ ಮೊದಲು ಅದು ಹೇಗನಿಸುತ್ತದೆ ಎಂದು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಬಹಳ ಚಂದದ ಉತ್ತರಗಳು ಬರುತ್ತವೆ. ಒಬ್ಬಳ ಅಜ್ಜ, ಬಾಯಿಯಲ್ಲಿ ತಂಬಾಕಿಲ್ಲದಿದ್ದರೆ ಮನೆಗೆ ಬೀಗ ಹಾಕದೆ ಊರಿಗೆ ಹೋದಂತಿರುತ್ತದೆ ಎಂದಿದ್ದನಂತೆ.

ಹೋದ ಸಂತೆಯ ದಿನ ಚಾಚಿ ಕಟ್ಟೆಯ ಮೇಲೆ ಕುಳಿತು ಒಂದು ಮಾತು ಹೇಳಿದರು. ಬೆಳಗಿನ ಜಾವದ ಕನಸಿನಲ್ಲಿ ಅವರು ಎಲೆಗೆ ಸುಣ್ಣ ಹಚ್ಚಿ, ಬೆರಳಿನಲ್ಲಿ ತಂಬಾಕು ತಿಕ್ಕಿ, ಬಾಯಿಗೆ ಹಾಕಿಕೊಂಡಿದ್ದರಂತೆ. ಎಚ್ಚರವಾದಾಗ ನಿಜವಾಗಿಯೂ ತಿಂದೆನೇನೋ ಎಂದು ಕನ್ನಡಿಯ ಮುಂದೆ ಹೋಗಿ ನಾಲಿಗೆ ನೋಡಿಕೊಂಡರಂತೆ.

ಅತ್ತೆ ಪೂರ್ತಿ ಕೇಳಿದರು. "ಕನಸಿನ್ಯಾಗ ರುಚಿ ಹತ್ತಿತ್ತೇನು?"

"ಹತ್ತಿತ್ತು ಅಕ್ಕಾ. ಖರೇನ ಹತ್ತಿತ್ತು."

ಅತ್ತೆ ಖಾರಾದ ಪೊಟ್ಟಣ ಬಿಚ್ಚುತ್ತ, "ನನಗ ಆ ಕನಸೂ ಬೀಳೂದಿಲ್ಲ ನೋಡು," ಎಂದರು.